ಜುಜುಬಿ ದಂಡ ಮತ್ತು ನರ್ಸಿನ ನಡತೆ

ನಮ್ಮ ತಾಲೂಕು ಕೋರ್ಟಿನ ಎದುರು ಒಂದು ಜೆರಾಕ್ಸ್ ಅಂಗಡಿಯಿದೆ. ವಕೀಲರ ಗುಮಾಸ್ತರು, ಪಹಣಿ ತೆಗೆಸಲು ಬಂದವರು, ನಮ್ಮಂಥ ಸುದ್ದಿ ಹುಡುಕುವವರು ಎಲ್ಲರೂ ಅಲ್ಲೇ ನಿಲ್ಲುವುದು. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಒಬ್ಬ ಹುಡುಗಿ ತಂದೆಯ ಜೊತೆ ಅಲ್ಲಿಗೆ ಬಂದಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಜಿ.ಎನ್.ಎಂ. ಅಂಕಪಟ್ಟಿ, ನೋಂದಣಿ ಪತ್ರ, ಖಾಸಗಿ ಆಸ್ಪತ್ರೆಯೊಂದರ ಅನುಭವ ಪತ್ರ. ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳು. ಎಲ್ಲ ತುಂಬಿ ಒಂದು ಪ್ರಶ್ನೆಗೆ ಬಂದು ನಿಂತುಬಿಟ್ಟಿದ್ದಳು: ನಿಮಗೆ ಯಾವತ್ತಾದರೂ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ?

"ಅಣ್ಣಾ, ನೀವು ಪೇಪರಿನವರಲ್ವಾ, ಇದಕ್ಕೆ ಏನಂತ ಬರೀಬೇಕು?" ಎಂದು ನಮ್ಮನ್ನು ಕೇಳಿದಳು.

ಅವಳು ಉತ್ತರ ಕೇಳುವ ಮೊದಲೇ ತಂದೆ ಹೇಳಿದರು: "ಇಲ್ಲ ಅಂತ ಬರಿ ಅಂದೆ ಸಾರ್. ಫೈನ್ ತಾನೆ ಕಟ್ಟಿದ್ದು. ಶಿಕ್ಷೆ ಏನಾಗಿದೆ?"

ಕೇಸು ನಾಲ್ಕು ವರ್ಷ ಹಿಂದಿನದು. ದೊಡ್ಡಪ್ಪನ ಮನೆಯವರ ಜೊತೆ ಬದುವಿನ ಜಗಳ. ಕೈ ಎತ್ತಿದ್ದು ಗಂಡಸರು. ಆದರೆ ನಮ್ಮ ಕಡೆ ದೂರು ಬರೆಸುವಾಗ ಮನೆಯಲ್ಲಿರುವ ಎಲ್ಲರ ಹೆಸರನ್ನೂ ಸೇರಿಸುವುದು ರೂಢಿ. ರಜೆಗೆ ಊರಿಗೆ ಬಂದಿದ್ದ ಇವಳು ಆರನೇ ಆರೋಪಿಯಾದಳು. ಆಗ ಜಾರಿಯಲ್ಲಿದ್ದ ಐ.ಪಿ.ಸಿ.ಯ 323, 341, 504 ಕಲಂಗಳು. ಅಂದರೆ ಹೊಡೆದದ್ದು, ಅಡ್ಡಗಟ್ಟಿದ್ದು, ಬೈದದ್ದು. ನಾಲ್ಕೈದು ವಾಯಿದೆ ಅಲೆದ ಮೇಲೆ ಯಾರೋ ಬುದ್ಧಿ ಹೇಳಿದರು: ಎಷ್ಟು ಸಲ ಕೆಲಸ ಬಿಟ್ಟು ಬರ್ತೀರಿ, ತಪ್ಪೊಪ್ಪಿಕೊಂಡು ಫೈನ್ ಕಟ್ಟಿ, ಮುಗಿದುಹೋಗುತ್ತೆ. ಆರೂ ಜನ ಒಪ್ಪಿಕೊಂಡರು. ದಂಡ ಕಟ್ಟಿ, ರಸೀದಿ ಇಸಕೊಂಡು, ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಮನೆಗೆ ಹೋದರು.

ಮುಗಿಯಲಿಲ್ಲ. ದಂಡವೂ ಕಾನೂನಿನ ಲೆಕ್ಕದಲ್ಲಿ ಶಿಕ್ಷೆಯೇ. ಜೈಲು, ಜೀವಾವಧಿ, ಗಲ್ಲು ಇರುವ ಪಟ್ಟಿಯಲ್ಲೇ ದಂಡದ ಹೆಸರೂ ಇದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದವರು ದೋಷಿ ಎಂದು ತೀರ್ಮಾನವಾದವರು.

ಅವತ್ತು ನಮಗೆ ಇಷ್ಟು ಸ್ಪಷ್ಟವಾಗಿ ಹೇಳಲು ಬರಲಿಲ್ಲ. ನಾವು ಕಾನೂನು ಓದಿದವರಲ್ಲ. "ತಡಿಯಮ್ಮ, ವಿಚಾರಿಸಿ ಹೇಳ್ತೀವಿ" ಎಂದು ಅವಳ ನಂಬರ್ ಬರೆದುಕೊಂಡೆವು. ವಿಚಾರಿಸುತ್ತ ಹೋದಂತೆ ಇನ್ನೊಂದು ಪ್ರಶ್ನೆ ಎದ್ದಿತು. ರೋಗಿಯ ಬಿ.ಪಿ. ನೋಡುವ, ಇಂಜೆಕ್ಷನ್ ಕೊಡುವ ಕೆಲಸಕ್ಕೂ ಬದುವಿನ ಜಗಳಕ್ಕೂ ಏನು ಸಂಬಂಧ? ನರ್ಸಿಗೆ ಈ ಪ್ರಶ್ನೆ ಕೇಳಬೇಕು ಅಂತ ಮೊದಲು ಯಾರಿಗೆ ಅನ್ನಿಸಿತು? ಅದರ ಕಥೆ ಸುಮಾರು 150 ವರ್ಷ ಹಿಂದಕ್ಕೆ, ಲಂಡನ್ನಿಗೆ ಹೋಗುತ್ತದೆ.

ನಡತೆಯ ಹಾಳೆ

19ನೇ ಶತಮಾನದ ಮಧ್ಯದವರೆಗೆ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ನರ್ಸ್ ಎಂದರೆ ಗೌರವದ ಕೆಲಸವಲ್ಲ. ಬೇರೆ ದಾರಿಯಿಲ್ಲದ ಬಡ ಹೆಂಗಸರು, ವಿಧವೆಯರು ಮಾಡುವ ಕೆಲಸ. ಚಾರ್ಲ್ಸ್ ಡಿಕನ್ಸ್ 1843-44ರಲ್ಲಿ ಬರೆದ 'ಮಾರ್ಟಿನ್ ಚಝಲ್‌ವಿಟ್' ಕಾದಂಬರಿಯಲ್ಲಿ ಸೇರಿ ಗ್ಯಾಂಪ್ ಎಂಬ ಕುಡುಕ ನರ್ಸಿನ ಪಾತ್ರ ಬರುತ್ತದೆ. ಜನ ಆ ಹೆಸರನ್ನು ಎಲ್ಲ ನರ್ಸುಗಳಿಗೂ ಅಂಟಿಸಿದರು.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದಾಗ ಈ ಹೆಸರನ್ನು ತೊಳೆಯಬೇಕಿತ್ತು. ಶಾಲೆಗೆ ಸೇರುವವರು ನಡತೆಯ ಪ್ರಮಾಣಪತ್ರ ತರಬೇಕು. ಸೇರಿದ ಮೇಲೆ ಪ್ರತಿ ತಿಂಗಳು ಪ್ರತಿಯೊಬ್ಬಳ ಹೆಸರಿನಲ್ಲೂ ಒಂದು ಹಾಳೆ ತುಂಬಲಾಗುತ್ತಿತ್ತು. ಗಾಯಕ್ಕೆ ಪಟ್ಟಿ ಕಟ್ಟಲು ಬರುತ್ತದೆಯೇ ಎಂಬ ಕಾಲಂಗಳ ಜೊತೆಗೆ ಸಮಯಪಾಲನೆ, ಗದ್ದಲ ಮಾಡದಿರುವುದು, ನಂಬಿಕಸ್ಥಳೇ ಇಲ್ಲವೇ, ಮೈಬಟ್ಟೆಯ ಶುಚಿ ಎಂಬ ಕಾಲಂಗಳೂ ಇದ್ದವು. ನಮ್ಮ ಶಾಲೆಯ ಟಿ.ಸಿ.ಯಲ್ಲಿ "ನಡತೆ: ತೃಪ್ತಿಕರ" ಎಂದು ಬರೆಯುತ್ತಾರಲ್ಲ, ಹೆಚ್ಚು ಕಡಿಮೆ ಅದೇ. ಅಲ್ಲಿ ಅದು ಒಂದು ಪದವಲ್ಲ, ತಿಂಗಳು ತಿಂಗಳು ನಡೆಯುವ ಲೆಕ್ಕ.

1887ರಲ್ಲಿ ಎಥೆಲ್ ಫೆನ್ವಿಕ್ ಎಂಬ ಮಾಜಿ ಮೇಟ್ರನ್ ಬ್ರಿಟಿಷ್ ನರ್ಸಸ್ ಅಸೋಸಿಯೇಷನ್ ಕಟ್ಟಿದರು. ಡಾಕ್ಟರುಗಳಿಗಿರುವಂತೆ ನರ್ಸುಗಳಿಗೂ ಒಂದು ರಿಜಿಸ್ಟರ್ ಬೇಕು, ಪರೀಕ್ಷೆ ಪಾಸಾದವರ ಹೆಸರು ಮಾತ್ರ ಅದರಲ್ಲಿರಬೇಕು ಎಂಬುದು ಅವರ ಬೇಡಿಕೆ. ಇದಕ್ಕೆ ದೊಡ್ಡ ವಿರೋಧ ಬಂದದ್ದು ನೈಟಿಂಗೇಲರಿಂದಲೇ. ಅವರ ವಾದದ ಸಾರ ಇಷ್ಟು: ಒಳ್ಳೆಯ ನರ್ಸ್ ಆಗುವುದು ನಡತೆಯಿಂದ, ನಡತೆಯನ್ನು ಪರೀಕ್ಷೆಯಲ್ಲಿ ಅಳೆಯಲಾಗದು. ಹತ್ತಿರ ಇದ್ದು ದಿನಾ ನೋಡುವವರಿಗೆ ಮಾತ್ರ ಅದು ಗೊತ್ತಾಗುತ್ತದೆ. ಇವತ್ತು ಪಾಸಾದವಳು ಹತ್ತು ವರ್ಷದ ಮೇಲೆ ಹೇಗಿರುತ್ತಾಳೆಂದು ರಿಜಿಸ್ಟರ್ ಹೇಳುತ್ತದೆಯೇ?

ಈ ಜಗಳ 30 ವರ್ಷಕ್ಕೂ ಮೇಲೆ ನಡೆಯಿತು. ಅಷ್ಟರಲ್ಲಿ ನ್ಯೂಜಿಲೆಂಡ್ 1901ರಲ್ಲೇ ನರ್ಸುಗಳ ನೋಂದಣಿಗೆ ಪ್ರತ್ಯೇಕ ಕಾಯ್ದೆ ಮಾಡಿತು. 1902ರ ಜನವರಿ 10ರಂದು ಎಲೆನ್ ಡಾಹರ್ಟಿ ಅಲ್ಲಿನ ಮೊದಲ ನೋಂದಾಯಿತ ನರ್ಸ್ ಆದರು. ಅಮೆರಿಕದಲ್ಲಿ 1903ರಲ್ಲಿ ನಾರ್ತ್ ಕೆರೊಲಿನಾ ಮೊದಲು ಕಾಯ್ದೆ ತಂದಿತು. ಬ್ರಿಟನ್ನಿನಲ್ಲಿ ಕಾಯ್ದೆಯಾದದ್ದು 1919ರ ಡಿಸೆಂಬರಿನಲ್ಲಿ. ನೈಟಿಂಗೇಲ್ 1910ರಲ್ಲೇ ತೀರಿಕೊಂಡಿದ್ದರು. ಹೊಸ ರಿಜಿಸ್ಟರಿನಲ್ಲಿ ನಂಬರ್ 1 ಎಥೆಲ್ ಫೆನ್ವಿಕ್ ಅವರದೇ.

ಗೆದ್ದದ್ದು ಫೆನ್ವಿಕ್. ಆದರೆ ನೈಟಿಂಗೇಲರ ಮಾತು ಸೋತು ಹೋಗಲಿಲ್ಲ, ಕಾಯ್ದೆಯ ಒಳಗೇ ಬಂದು ಕೂತಿತು. ಮೊದಲೇ ಕೆಲಸದಲ್ಲಿದ್ದ ನರ್ಸುಗಳು ರಿಜಿಸ್ಟರಿಗೆ ಸೇರಬೇಕಾದರೆ ಅನುಭವದ ಜೊತೆಗೆ ಸನ್ನಡತೆಯ ಪುರಾವೆ ಕೊಡಬೇಕಿತ್ತು. ನಡತೆಯನ್ನು ಅಳೆಯಲಾಗದು ಎಂದವರೂ, ಅಳೆದೇ ತೀರುತ್ತೇವೆ ಎಂದವರೂ ಕೊನೆಗೆ ಆ ಒಂದು ಶಬ್ದದಲ್ಲಿ ರಾಜಿಯಾದರು. ಅಳೆಯುವ ಕೋಲು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

ಕೋಲು ಸಿಕ್ಕಿದ್ದು ಕೋರ್ಟಿನಲ್ಲಿ

ವಾರ್ಡಿನಲ್ಲಿ ಮೇಟ್ರನ್ ದಿನಾ ನೋಡಿ ನಡತೆ ಬರೆಯಬಹುದು. ಸಾವಿರಾರು ಜನರ ರಿಜಿಸ್ಟರ್ ಇಡುವ ಗುಮಾಸ್ತ ಏನು ನೋಡಬೇಕು? ಅವನಿಗೆ ಕಾಗದ ಬೇಕು. ನಡತೆಯ ಬಗ್ಗೆ ಸರ್ಕಾರದ ಕೈಯಲ್ಲಿರುವ ಗಟ್ಟಿ ಕಾಗದ ಒಂದೇ, ಕೋರ್ಟಿನ ತೀರ್ಪು.

ಈ ಯೋಚನೆಗೆ ಅಮೆರಿಕದ ಸುಪ್ರೀಂ ಕೋರ್ಟ್ 1898ರಲ್ಲೇ ಮುದ್ರೆ ಒತ್ತಿತ್ತು. ಅದು ನರ್ಸಿನ ಕೇಸಲ್ಲ, ನ್ಯೂಯಾರ್ಕಿನ ಹಾಕರ್ ಎಂಬ ಡಾಕ್ಟರದು. ಗರ್ಭಪಾತ ಮಾಡಿದ ಅಪರಾಧಕ್ಕೆ 1878ರಲ್ಲಿ ಅವರಿಗೆ 10 ವರ್ಷ ಶಿಕ್ಷೆಯಾಗಿತ್ತು. ಶಿಕ್ಷೆ ಮುಗಿಸಿ ಬಂದು ಮತ್ತೆ ವೈದ್ಯ ವೃತ್ತಿ ನಡೆಸಿದರು. ದೊಡ್ಡ ಅಪರಾಧಗಳಲ್ಲಿ ಶಿಕ್ಷೆಯಾದವರು ವೈದ್ಯ ವೃತ್ತಿ ಮಾಡುವಂತಿಲ್ಲ ಎಂದು 1890ರ ದಶಕದಲ್ಲಿ ನ್ಯೂಯಾರ್ಕ್ ಕಾನೂನು ತಂದಿತು. ಹಾಕರ್ ಸಿಕ್ಕಿಬಿದ್ದರು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆಯೇ ಎಂಬುದು ಅವರ ಪ್ರಶ್ನೆ. ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತರು. ವೃತ್ತಿಗೆ ವಿದ್ಯೆಯಷ್ಟೇ ನಡತೆಯೂ ಮುಖ್ಯ, ಹಳೆಯ ಶಿಕ್ಷೆಯನ್ನು ನಡತೆಯ ಪುರಾವೆಯಾಗಿ ಸರ್ಕಾರ ಹಿಡಿಯಬಹುದು, ಅದು ಎರಡನೇ ಶಿಕ್ಷೆಯಲ್ಲ ಎಂದು ಬಹುಮತದ ತೀರ್ಪು ಬಂತು.

ಡಾಕ್ಟರ ಕೇಸಿನಲ್ಲಿ ಬಂದ ಈ ತರ್ಕ ವಕೀಲರಿಗೆ, ನರ್ಸುಗಳಿಗೆ, ಲೈಸೆನ್ಸ್ ಬೇಕಾದ ಎಲ್ಲ ವೃತ್ತಿಗಳಿಗೂ ಹರಡಿತು. ನಡತೆ ಎಂದರೆ ದಿನಾ ಹೇಗಿದ್ದಾಳೆ ಎಂಬ ಪ್ರಶ್ನೆ ಹೋಗಿ, ಕೋರ್ಟಿನ ಕಡತದಲ್ಲಿ ಹೆಸರಿದೆಯೇ ಎಂಬ ಪ್ರಶ್ನೆ ಬಂತು. ನಮ್ಮ ಹುಡುಗಿ ಜೆರಾಕ್ಸ್ ಅಂಗಡಿಯಲ್ಲಿ ಹಿಡಿದು ನಿಂತಿದ್ದ ಅರ್ಜಿಯ ಹುಟ್ಟು ಇಲ್ಲಿದೆ.

ನಮ್ಮ ದೇಶಕ್ಕೆ ಬಂದ ರಿಜಿಸ್ಟರ್

ಇಲ್ಲಿಗೆ ನೋಂದಣಿ ಬಂದದ್ದು ಬ್ರಿಟಿಷರ ದಾರಿಯಲ್ಲೇ. 1926ರಲ್ಲಿ ಮದ್ರಾಸ್ ಪ್ರಾಂತ್ಯ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ ಮಾಡಿತು. ಅಂದಿನ ದಕ್ಷಿಣ ಕನ್ನಡ, ಬಳ್ಳಾರಿ ಆ ಪ್ರಾಂತ್ಯದಲ್ಲೇ ಇದ್ದವು. ಧಾರವಾಡ, ಬಿಜಾಪುರ, ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ 1935ರಲ್ಲಿ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ವರ್ಷದ ಕೊನೆಯ ದಿನ, 1947ರ ಡಿಸೆಂಬರ್ 31ರಂದು, ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯಾಯಿತು. ರಾಜ್ಯಗಳು ಒಂದಾದ ಮೇಲೆ ನಮ್ಮಲ್ಲಿ 1961ರ ಕಾಯ್ದೆ ಬಂತು. ಇವತ್ತು ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ಹೆಸರು ಬರೆಸುವ ಬೆಂಗಳೂರಿನ ರಾಜ್ಯ ಶುಶ್ರೂಷಾ ಪರಿಷತ್ತು ಅದರಡಿ ಬಂದದ್ದು. 2023ರಲ್ಲಿ ಸಂಸತ್ತು 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಅಂಗೀಕರಿಸಿತು. ಇಡೀ ದೇಶಕ್ಕೆ ಒಂದೇ ರಿಜಿಸ್ಟರ್ ಎಂಬುದು ಅದರ ಒಂದು ಭಾಗ.

ಇಲ್ಲಿ ನಡತೆಯ ಪ್ರಶ್ನೆಗೆ ಇನ್ನೊಂದು ಭಾರ ಸೇರಿಕೊಂಡಿತು. ಪರ ಗಂಡಸರ ಮೈ ಮುಟ್ಟುವ, ಮಲ ಮೂತ್ರ ಬಳಿಯುವ, ರಾತ್ರಿ ಪಾಳಿ ಮಾಡುವ ಕೆಲಸವನ್ನು ನಮ್ಮ ಸಮಾಜ ಕೀಳಾಗಿ ನೋಡಿತು. ಮಿಷನ್ ಆಸ್ಪತ್ರೆಗಳಲ್ಲಿ ತರಬೇತಾದ ಕ್ರೈಸ್ತ ಹೆಣ್ಣುಮಕ್ಕಳೇ ಬಹಳ ಕಾಲ ಈ ಕೆಲಸ ಹೊತ್ತರು. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಲೆಕ್ಕ ಹೀಗಿತ್ತು: ಸುಮಾರು 6,300 ಜನಕ್ಕೆ ಒಬ್ಬ ಡಾಕ್ಟರ್, 43,000 ಜನಕ್ಕೆ ಒಬ್ಬ ನರ್ಸ್. ಅಷ್ಟು ಕಡಿಮೆಯಿದ್ದರೂ ಊರಿನವರು ನರ್ಸಿನ ನಡತೆ ಅಳೆಯುವುದನ್ನು ಬಿಡಲಿಲ್ಲ. ಈಗಲೂ ಸಂಬಂಧ ನೋಡಲು ಬಂದವರು "ನೈಟ್ ಡ್ಯೂಟಿ ಇರುತ್ತಾ?" ಎಂದು ಕೇಳುವುದನ್ನು ನಾವೇ ಕೇಳಿಸಿಕೊಂಡಿದ್ದೇವೆ. ಕಾನೂನು ನಡತೆ ಎನ್ನುವುದಕ್ಕೂ ಊರು ನಡತೆ ಎನ್ನುವುದಕ್ಕೂ ಅಂತರವಿದೆ. ಅನುಭವಿಸುವವಳಿಗೆ ಎರಡೂ ಒಂದೇ ಆಗಿಬಿಡುತ್ತವೆ.

20 ರೂಪಾಯಿಯ ಕೇಸು

ಭಾರತದಲ್ಲಿ ನೌಕರಿ, ಲೈಸೆನ್ಸ್ ವಿಚಾರದಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ನೈತಿಕ ಅಧಃಪತನ. ಅಂಥ ಅಪರಾಧದಲ್ಲಿ ಶಿಕ್ಷೆಯಾದವರು ಅನರ್ಹರು ಎಂದು ಅನೇಕ ನಿಯಮಗಳು ಹೇಳುತ್ತವೆ. ಆದರೆ ಯಾವುದು ಅಂಥ ಅಪರಾಧ ಎಂಬ ಪಟ್ಟಿಯನ್ನು ಕಾನೂನು ಕೊಡುವುದಿಲ್ಲ.

ಇದರಲ್ಲಿ ನಾವು ಓದಿದ ಒಂದು ತೀರ್ಪು ಈ ಹುಡುಗಿಯ ಕಥೆಗೆ ತೀರಾ ಹತ್ತಿರ. ಅದೂ ನರ್ಸಿನದಲ್ಲ. ಹರಿಯಾಣದ ಒಬ್ಬ ಕೆಳದರ್ಜೆ ಸರ್ಕಾರಿ ನೌಕರನದು. ಸಾರ್ವಜನಿಕ ಜಾಗದಲ್ಲಿ ಅಶ್ಲೀಲವಾಗಿ ನಡೆದುಕೊಂಡ ಆರೋಪ, ಐ.ಪಿ.ಸಿ. 294. 1980ರಲ್ಲಿ ಆತ ತಪ್ಪೊಪ್ಪಿಕೊಂಡು 20 ರೂಪಾಯಿ ದಂಡ ಕಟ್ಟಿದ. ಆ ದಂಡದ ನೆಪದಲ್ಲಿ ಮುಂದೆ ಕೆಲಸ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ನೈತಿಕ ಅಧಃಪತನ ಎಂದರೆ ಸ್ವಭಾವದಲ್ಲೇ ನೀಚವಾದ, ಹೀನವಾದ ಕೃತ್ಯ. ಸಣ್ಣ ದಂಡದ ಪ್ರತಿ ಕೇಸನ್ನೂ ಆ ಚೀಲಕ್ಕೆ ತುಂಬಬಾರದು ಎಂಬುದು ಅದರ ಸಾರ. ಅಲ್ಲಿಗೇ ನಿಲ್ಲಲಿಲ್ಲ. ಕೋರ್ಟಿಗೆ ಅಲೆಯುವುದು ಬೇಡವೆಂದು ಎಷ್ಟೋ ಜನ ಸಣ್ಣ ಕೇಸುಗಳಲ್ಲಿ ತಪ್ಪೊಪ್ಪಿಕೊಳ್ಳುತ್ತಾರೆ, 2,000 ರೂಪಾಯಿವರೆಗಿನ ದಂಡದ ಇಂಥ ಕೇಸುಗಳು ಸರ್ಕಾರಿ ನೌಕರಿಗೆ ಅಡ್ಡಿಯಾಗದಂತೆ ಸಂಸತ್ತು ಯೋಚಿಸಬೇಕು ಎಂದೂ ಹೇಳಿತು.

ದೆಹಲಿಯಲ್ಲಿ ಕೂತ ನ್ಯಾಯಮೂರ್ತಿಗಳಿಗೆ ನಮ್ಮ ತಾಲೂಕು ಕೋರ್ಟಿನ ಮುಂದಿನ ಮಾತು ಕೇಳಿಸಿತ್ತು ಎಂದು ಅದನ್ನು ಓದಿದಾಗ ನಮಗೆ ಅನ್ನಿಸಿತು. ಆದರೆ ಎಲ್ಲ ಸಣ್ಣ ದಂಡಗಳನ್ನೂ ಒರೆಸಿಹಾಕುವ ಸಾಮಾನ್ಯ ಕಾನೂನು ನಮ್ಮಲ್ಲಿ ಬರಲಿಲ್ಲ. ಇಷ್ಟು ವರ್ಷ ನೆಟ್ಟಗೆ ಬಾಳಿದರೆ ಹಳೆಯ ದಾಖಲೆ ತಾನಾಗಿಯೇ ಅಳಿಯುತ್ತದೆ ಎಂಬ ನಿಯಮ ಭಾರತದಲ್ಲಿ ಇಲ್ಲ.

ಒಂದು ಸ್ಯಾಂಡ್‌ವಿಚ್, ಒಂದು ಪುಸ್ತಕ

ಬ್ರಿಟನ್ನಿನಲ್ಲಿ ಅಂಥ ನಿಯಮ 1974ರಲ್ಲಿ ಬಂತು. ನಿಗದಿತ ವರ್ಷ ಬೇರೆ ತಪ್ಪು ಮಾಡದೆ ಇದ್ದರೆ ಹಳೆಯ ಶಿಕ್ಷೆಯನ್ನು ಹೇಳಿಕೊಳ್ಳಬೇಕಿಲ್ಲ. ಆದರೆ ಮರುವರ್ಷವೇ, 1975ರಲ್ಲಿ, ವಿನಾಯಿತಿಗಳ ಪಟ್ಟಿ ಬಂತು. ಅದರಲ್ಲಿ ನರ್ಸುಗಳೂ ಇದ್ದರು. ಅಂಗಡಿಯ ಗುಮಾಸ್ತೆಗೆ ಮರೆತು ಹೋಗುವ ತಪ್ಪು ನರ್ಸಿಗೆ ಮರೆಯುವಂತಿಲ್ಲ.

ಇದು ಎಲ್ಲಿಗೆ ಮುಟ್ಟಿತು ಎಂದು ತಿಳಿಯಲು 'ಪಿ' ಎಂಬ ಅಕ್ಷರದಿಂದ ಮಾತ್ರ ಕೋರ್ಟ್ ಗುರುತಿಸಿದ ಒಬ್ಬ ಮಹಿಳೆಯ ಕೇಸು ನೋಡಬೇಕು. 1999ರಲ್ಲಿ ಆಕೆಗೆ ಮನೆಯಿರಲಿಲ್ಲ. ಚಿಕಿತ್ಸೆ ಸಿಗದ ಮಾನಸಿಕ ಕಾಯಿಲೆಯಿತ್ತು. ಒಂದು ಸ್ಯಾಂಡ್‌ವಿಚ್ ಕದ್ದಿದ್ದಕ್ಕೆ ಪೊಲೀಸರು ಎಚ್ಚರಿಕೆ ಕೊಟ್ಟರು. ಕೆಲವು ತಿಂಗಳ ನಂತರ 99 ಪೆನ್ಸ್ ಬೆಲೆಯ, ಅಂದರೆ ಒಂದು ಪೌಂಡಿಗೂ ಕಡಿಮೆಯ, ಪುಸ್ತಕ ಕದ್ದಳು. ಜಾಮೀನಿನ ಮೇಲೆ ಹೊರಬಂದವಳು ವಾಯಿದೆಗೆ ಹೋಗಲಿಲ್ಲ. ಕಳ್ಳತನ ಒಂದು, ಗೈರುಹಾಜರಿ ಒಂದು, ಎರಡು ತಪ್ಪು ದಾಖಲಾದವು. ಮುಂದೆ ಗುಣವಾಗಿ ಶಾಲೆಯಲ್ಲಿ ಸಹಾಯಕಿಯಾಗಲು ಹೊರಟಳು. ಎರಡು ಶಿಕ್ಷೆ ಇದ್ದರೆ ಎಷ್ಟು ಹಳೆಯದಾದರೂ, ಎಷ್ಟು ಸಣ್ಣದಾದರೂ ಎರಡನ್ನೂ ತೋರಿಸಲೇಬೇಕು ಎಂಬ ನಿಯಮ ಅಡ್ಡ ಬಂತು. 2019ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆ ನಿಯಮ ಅತಿಯಾಯಿತು ಎಂದಿತು. 2020ರ ಕೊನೆಗೆ ಸರ್ಕಾರ ಅದನ್ನು ತೆಗೆದುಹಾಕಿತು. ಮಕ್ಕಳ ಜೊತೆ, ರೋಗಿಗಳ ಜೊತೆ ಕೆಲಸ ಮಾಡುವವರೆಲ್ಲರಿಗೂ ಇದರಿಂದ ಸ್ವಲ್ಪ ಉಸಿರಾಡುವಂತಾಯಿತು.

ನಿಯಮ ಬೇಡವೇ ಹಾಗಾದರೆ?

ಇಷ್ಟು ಬರೆದ ಮೇಲೆ, ಶಿಕ್ಷೆಯಾದವರನ್ನು ಕೇಳುವುದೇ ಬೇಡ ಎನ್ನುತ್ತೀರಾ ಎಂದು ಓದುಗರು ಕೇಳಬಹುದು. ಅದು ನಮ್ಮ ಮಾತಲ್ಲ. ಪ್ರಜ್ಞೆ ಇಲ್ಲದೆ ಮಲಗಿರುವ ನಮ್ಮ ತಾಯಿಯ ಬಳೆ, ಆಕೆಯ ಕೈಗೆ ಚುಚ್ಚಿದ ಸೂಜಿ, ಬೀಗ ಹಾಕಿದ ಕಪಾಟಿನಲ್ಲಿರುವ ಮಾರ್ಫಿನ್ ಎಲ್ಲವೂ ನರ್ಸಿನ ಕೈಯಲ್ಲಿರುತ್ತವೆ. ಔಷಧಿ ಕದ್ದವರು, ವೃದ್ಧರನ್ನು ಹಿಂಸಿಸಿದವರು, ಮಕ್ಕಳ ಮೇಲೆ ದೌರ್ಜನ್ಯ ಮಾಡಿದವರು ಆ ಕೊಠಡಿಗೆ ಹೋಗಬಾರದು. ಅದಕ್ಕೆ ರಿಜಿಸ್ಟರ್ ಬೇಕು, ಅದರಿಂದ ಹೆಸರು ತೆಗೆಯುವ ಅಧಿಕಾರವೂ ಬೇಕು.

ಆದರೆ ಹಳೆಯ ಶಿಕ್ಷೆ ಹುಡುಕಿದರೆ ರೋಗಿ ಸುರಕ್ಷಿತ ಎಂದುಕೊಂಡರೆ ಇತಿಹಾಸ ಒಪ್ಪುವುದಿಲ್ಲ. 1991ರಲ್ಲಿ ಇಂಗ್ಲೆಂಡಿನ ಗ್ರಾಂಥಮ್ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬೆವರ್ಲಿ ಅಲಿಟ್ ಎಂಬ ನರ್ಸ್ ನಾಲ್ಕು ಮಕ್ಕಳನ್ನು ಕೊಂದಳು. 1993ರಲ್ಲಿ ಅವಳಿಗೆ 13 ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ನಡೆದ ವಿಚಾರಣೆ ಗಮನ ಸೆಳೆದದ್ದು ತರಬೇತಿಯ ಕಾಲದಲ್ಲಿ ಅವಳು ಮತ್ತೆ ಮತ್ತೆ ಹಾಕಿದ್ದ ಅನಾರೋಗ್ಯದ ರಜೆಗಳ ಕಡೆಗೆ. ಅಮೆರಿಕದಲ್ಲಿ ಚಾರ್ಲ್ಸ್ ಕಲನ್ ಎಂಬ ನರ್ಸ್ 2003ರಲ್ಲಿ ಸಿಕ್ಕಿಬೀಳುವವರೆಗೆ 16 ವರ್ಷ, ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದ 9 ಆಸ್ಪತ್ರೆಗಳಲ್ಲಿ ಮತ್ತು ಒಂದು ನರ್ಸಿಂಗ್ ಹೋಂನಲ್ಲಿ ಕೆಲಸ ಮಾಡಿದ್ದ. 29 ಕೊಲೆ ಒಪ್ಪಿಕೊಂಡ. ಅನುಮಾನ ಬಂದ ಆಸ್ಪತ್ರೆಗಳು ಗದ್ದಲ ಬೇಡವೆಂದು ಅವನನ್ನು ಸುಮ್ಮನೆ ಸಾಗಹಾಕಿದ್ದವು, ಮುಂದಿನ ಆಸ್ಪತ್ರೆಗೆ ಹೇಳಿರಲಿಲ್ಲ. ಅದಾದ ಮೇಲೆ ನ್ಯೂಜೆರ್ಸಿ 2005ರಲ್ಲಿ, ಆಸ್ಪತ್ರೆಗಳು ಇಂಥವನ್ನು ವರದಿ ಮಾಡಲೇಬೇಕು ಎಂದು ಕಾಯ್ದೆ ಮಾಡಿತು.

ಈ ಎರಡೂ ಕಡೆ ಎಚ್ಚರಿಕೆಯ ಗಂಟೆ ಇದ್ದದ್ದು ವಾರ್ಡಿನಲ್ಲಿ, ಹಾಜರಿ ಪುಸ್ತಕದಲ್ಲಿ, ಔಷಧಿ ಲೆಕ್ಕದಲ್ಲಿ. ನಡತೆಯನ್ನು ಹತ್ತಿರ ಇದ್ದವರೇ ನೋಡಬೇಕು ಎಂದ ನೈಟಿಂಗೇಲರ ಹಳೆಯ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ. ಕೋರ್ಟಿನ ಕಾಗದ ಹುಡುಕುವುದು ಸುಲಭ. ಸುಲಭವಾದದ್ದನ್ನು ಮಾಡಿ ಕಷ್ಟವಾದದ್ದನ್ನು ಬಿಟ್ಟರೆ ಕಲನ್ ದಾಟಿ ಹೋಗುತ್ತಾನೆ, ಬದುವಿನ ಜಗಳದ ಹುಡುಗಿ ಸಿಕ್ಕಿಬೀಳುತ್ತಾಳೆ.

ನಮ್ಮ ಕಾನೂನಿನಲ್ಲಿರುವ ಬಾಗಿಲುಗಳು

ಬಾಗಿಲುಗಳು ಇವೆ. ನಮ್ಮ ಹೋಬಳಿಗಳಲ್ಲಿ ಅವು ಬಹಳ ಜನಕ್ಕೆ ಗೊತ್ತಿಲ್ಲ.

ಮೊದಲನೆಯದು ರಾಜಿ. ಸಣ್ಣ ಹೊಡೆದಾಟ, ಬೈಗುಳದಂಥ ಅಪರಾಧಗಳಲ್ಲಿ ದೂರು ಕೊಟ್ಟವರು ರಾಜಿಗೆ ಒಪ್ಪಿ ಕೋರ್ಟಿನಲ್ಲಿ ದಾಖಲಾದರೆ ಅದರ ಪರಿಣಾಮ ಖುಲಾಸೆ. ದೋಷಿ ಎಂಬ ಮುದ್ರೆ ಬೀಳುವುದಿಲ್ಲ. ನಮ್ಮ ಹುಡುಗಿಯ ಮೂರೂ ಕಲಂಗಳು ರಾಜಿಯಾಗಬಲ್ಲವೇ ಆಗಿದ್ದವು. ಎರಡು ಮನೆಯವರೂ ಈಗ ಮದುವೆ ಮುಂಜಿಗೆ ಹೋಗಿ ಬರುತ್ತಾರೆ. ಅವತ್ತು ರಾಜಿಯಾಗಿದ್ದರೆ ಇವತ್ತು ಅವಳು ಧೈರ್ಯವಾಗಿ "ಇಲ್ಲ" ಎಂದು ಬರೆಯಬಹುದಿತ್ತು. ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಯ ದಾರಿ ಬಹಳ ಕಿರಿದು.

ಎರಡನೆಯದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ವಕೀಲರ ಬಾಯಲ್ಲಿ ಪ್ರೊಬೇಷನ್. ತಪ್ಪು ಸಾಬೀತಾದರೂ ಶಿಕ್ಷೆ ಕೊಡದೆ ಬುದ್ಧಿ ಹೇಳಿ ಅಥವಾ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರ ನ್ಯಾಯಾಧೀಶರಿಗಿದೆ. ಹಾಗೆ ಬಿಟ್ಟವರಿಗೆ ಆ ತೀರ್ಪಿನಿಂದ ಬೇರೆ ಕಾನೂನಿನಡಿ ಬರುವ ಅನರ್ಹತೆ ತಟ್ಟುವುದಿಲ್ಲ ಎಂದು ಅದರ 12ನೇ ಕಲಂ ಹೇಳುತ್ತದೆ. ಆದರೆ ಇಲಾಖೆಯವರು ನೌಕರಿಯಿಂದ ತೆಗೆಯುವುದನ್ನು ಅದು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಇದನ್ನು ಕೇಳಬೇಕು. ಕೇಳದೆ ಸಿಗುವುದು ಅಪರೂಪ.

ಮೂರನೆಯದು ವಯಸ್ಸು. 18 ತುಂಬುವ ಮೊದಲು ಮಾಡಿದ ತಪ್ಪಿನಿಂದ ಮುಂದೆ ಅನರ್ಹತೆ ಬರಬಾರದು ಎಂದು 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಹೇಳುತ್ತದೆ. 16 ದಾಟಿ, ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆಯಾದವರಿಗೆ ಮಾತ್ರ ಇದು ಸಿಗದು.

ಇನ್ನು ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. 2016ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ನೌಕರಿಗೆ ಸೇರುವವರ ಬಗ್ಗೆ ಸೂತ್ರಗಳನ್ನು ಕೊಟ್ಟಿತು. ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಬೇಕು. ನಿಜ ಹೇಳಿದವರನ್ನು ತೆಗೆದುಕೊಳ್ಳಲೇಬೇಕೆಂದೇನಿಲ್ಲ, ಆದರೆ ಅವರ ವಿಷಯವನ್ನು ತೂಗಿ ನೋಡಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸಾದರೆ ಮುಚ್ಚಿಟ್ಟಿದ್ದನ್ನೂ ಮನ್ನಿಸಬಹುದು. ಗಂಭೀರವಾದದ್ದನ್ನು ಬೇಕೆಂದೇ ಮುಚ್ಚಿಟ್ಟರೆ ಕೆಲಸ ಹೋಗುತ್ತದೆ. ಇದು ನೌಕರಿಯ ಬಗ್ಗೆ ಬಂದ ತೀರ್ಪು. ಹೊರದೇಶದ ನರ್ಸಿಂಗ್ ಮಂಡಳಿಗಳಿಗೆ ಇದು ಕಟ್ಟುಪಾಡಲ್ಲ. ಆದರೆ ಅಲ್ಲೂ ಬೆರಳಚ್ಚು ಇದೆ, ಇಲ್ಲಿಂದ ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಇದೆ. ಹಳೆಯ ಸಣ್ಣ ಜಗಳವನ್ನು ಒಬ್ಬ ಅಧಿಕಾರಿ ಬದಿಗಿಡಬಹುದು. ಹೋದ ತಿಂಗಳು ಹೇಳಿದ ಸುಳ್ಳನ್ನು ಬದಿಗಿಡುವುದು ಕಷ್ಟ. ಏಕೆಂದರೆ ಆಗ ನಡತೆಯ ಪ್ರಶ್ನೆ ನಾಲ್ಕು ವರ್ಷ ಹಿಂದಿನದಲ್ಲ, ಇವತ್ತಿನದು.

ನಾವು ಆ ಹುಡುಗಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: ನಾವು ವಕೀಲರಲ್ಲ, ಇನ್ನೊಬ್ಬ ವಕೀಲರ ಹತ್ತಿರ ಒಂದು ಸಲ ಕೇಳು, ತೀರ್ಪಿನ ಸರ್ಟಿಫೈಡ್ ಕಾಪಿ ತೆಗೆಸು, ಸುಳ್ಳು ಮಾತ್ರ ಬರೀಬೇಡ.

ತಂದೆ ಎರಡು ದಿನ ಮಾತು ಬಿಟ್ಟರಂತೆ. "ನಾವೇ ನಮ್ಮ ಕೈಯಾರೆ ಬರ್ಕೊಡೋದಾ?" ಎಂದು ಬೇಜಾರು. ಆಮೇಲೆ ಅವರೇ ಕೋರ್ಟಿಗೆ ಬಂದು ಕಾಪಿಗೆ ಅರ್ಜಿ ಹಾಕಿದರು. ಅವಳು "ಹೌದು" ಎಂದು ಬರೆದು, ಯಾವ ಜಗಳ, ಯಾವ ಕಲಂ, ಎಷ್ಟು ದಂಡ ಎಂಬುದನ್ನು ಒಂದು ಹಾಳೆಯಲ್ಲಿ ವಿವರಿಸಿ ಲಗತ್ತಿಸಿದಳು. ಕೆಲಸ ಮಾಡಿದ ಆಸ್ಪತ್ರೆಯ ಹಿರಿಯ ಸಿಸ್ಟರ್ ಒಬ್ಬರು ತಾವಾಗಿಯೇ ಒಂದು ಪತ್ರ ಬರೆದುಕೊಟ್ಟರು. ಮೂರು ವರ್ಷ ಜೊತೆಗಿದ್ದು ನೋಡಿದ್ದೇನೆ, ಔಷಧಿ ಲೆಕ್ಕದಲ್ಲಿ ಒಂದು ದಿನವೂ ವ್ಯತ್ಯಾಸ ಬಂದಿಲ್ಲ ಎಂದು ಅದರಲ್ಲಿತ್ತು. 1860ರ ಆ ನಡತೆ ಹಾಳೆಯ ಒಂದು ಕಾಲಂ ಇಷ್ಟು ವರ್ಷದ ಮೇಲೆ ನಮ್ಮ ತಾಲೂಕಿನಲ್ಲಿ ತುಂಬಿದಂತಾಯಿತು.

ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಅವಳು ಅದೇ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಳೆ.

ನಮ್ಮ ಓದುಗರಲ್ಲಿ ನರ್ಸಿಂಗ್ ಓದುವ ಮಕ್ಕಳಿರುವ ಮನೆಗಳು ಬಹಳ. ಬದು, ನೀರು, ಆಸ್ತಿ, ಜಾತ್ರೆ, ಚುನಾವಣೆ ಯಾವುದರ ಜಗಳವೇ ಆಗಲಿ, ಕೇಸಿನಲ್ಲಿ ಮಗಳದೋ ಮಗನದೋ ಹೆಸರು ಇದ್ದರೆ, ಯಾರಾದರೂ "ಒಪ್ಪಿಕೊಂಡು ಫೈನ್ ಕಟ್ಟಿಬಿಡಿ" ಎಂದ ದಿನ ಒಂದು ಪ್ರಶ್ನೆ ಕೇಳಿ: ಸ್ವಾಮಿ, ಇದನ್ನು ರಾಜಿ ಮಾಡಲು ಬರುತ್ತದೆಯೇ, ಇಲ್ಲವಾದರೆ ಪ್ರೊಬೇಷನ್ ಕೇಳಬಹುದೇ? ಇನ್ನೆರಡು ವಾಯಿದೆ ಅಲೆಯಬೇಕಾದೀತು. ಅಲೆಯಿರಿ.